ವುದರಿಂಗ್ ಹೈಟ್ಸ್ ಓದಿ ಮುಗಿಸಿದೆ, ಮನಸ್ಸಿಗೆ ಹಿಡಿಸಲಿಲ್ಲ. ನಿಮಗೂ ಹೀಗಾಗಿತ್ತಾ?

ತಿಂಗಳಿಗೊಂದು

ಈ ವರ್ಷ ನನಗೆ ನಾನೇ ಒಂದು ಪಂಥ ಹಾಕಿಕೊಂಡಿದ್ದೇನೆ. 12 ತಿಂಗಳು, 12 ಕ್ಲಾಸಿಕ್ ಕಾದಂಬರಿ. ಹೆಸರು ಕೇಳಿ ಕೇಳಿ ಗೊತ್ತಿದ್ದು, ಯಾಕೋ ಓದದೇ ಉಳಿದುಹೋದ ಪುಸ್ತಕಗಳು. ಆರು ತಿಂಗಳು ಚೆನ್ನಾಗಿಯೇ ನಡೆಯಿತು. ಏಳನೆಯದು ಎಮಿಲಿ ಬ್ರಾಂಟೆಯ ವುದರಿಂಗ್ ಹೈಟ್ಸ್. ಪಟ್ಟಿ ಮಾಡಲು ಕೂತಾಗ ಮೊದಲು ಬರೆದ ಹೆಸರೇ ಇದು. ವರ್ಷದ ನಡುವೆ ಓದುವ ಉತ್ಸಾಹ ಇಳಿದುಹೋದರೆ ಇದು ಕೈಹಿಡಿಯುತ್ತೆ ಅಂತ ಬೇಕೆಂದೇ ಜುಲೈಗೆ ಇಟ್ಟುಕೊಂಡಿದ್ದೆ.

ನಿನ್ನೆ ರಾತ್ರಿ ಮುಗಿಸಿದೆ. ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಸಿಟ್ಟೇನೂ ಬರಲಿಲ್ಲ, ಬೇಜಾರಾಯಿತು. ಎಷ್ಟೋ ವರ್ಷದಿಂದ ನೋಡಬೇಕು ಅಂದುಕೊಂಡವರು ಕೊನೆಗೂ ಸಿಕ್ಕಾಗ ಮುಖ ಕೊಟ್ಟು ಮಾತಾಡದೇ ಹೋದರೆ ಹೇಗಾಗುತ್ತೆ, ಹಾಗಾಯಿತು.

ಜಗತ್ತಿನ ದೊಡ್ಡ ಪ್ರೇಮಕಥೆಗಳಲ್ಲಿ ಇದೂ ಒಂದು ಅಂತ ಕೇಳಿಕೊಂಡು ಬಂದವಳು ನಾನು. ಒಳಗೆ ಹೋದರೆ ಬರೀ ಕ್ರೌರ್ಯ. ನಾಯಕಿ ಕ್ಯಾಥರೀನ್‌ಳ ಅಣ್ಣ ಹಿಂಡ್ಲಿ ಕುಡಿದು ಬಂದು ತನ್ನ ಸ್ವಂತ ಮಗುವನ್ನು ಮಹಡಿ ಮೆಟ್ಟಿಲಿನ ಕಟಾಂಜನದಾಚೆ ಹಿಡಿದು ಕೈ ಬಿಡುತ್ತಾನೆ. ಆ ಮನೆಯಲ್ಲೇ ಬೆಳೆದು ಕ್ಯಾಥರೀನ್‌ಳನ್ನು ಪ್ರೀತಿಸುವ ಹೀತ್‌ಕ್ಲಿಫ್, ಲಿಂಟನ್ ಮನೆಯ ಇಸಬೆಲ್ಲಾಳನ್ನು ಹಾರಿಸಿಕೊಂಡು ಹೋಗುವ ರಾತ್ರಿ ಅವಳ ಪುಟ್ಟ ನಾಯಿಯನ್ನು ಕೊಕ್ಕೆಗೆ ನೇತುಹಾಕಿ ಹೋಗುತ್ತಾನೆ. ಅಲ್ಲಿ ನಾನು ಪುಸ್ತಕ ಕೆಳಗಿಟ್ಟು ಎದ್ದುಹೋದೆ. ಮತ್ತೆ ಕೈಗೆತ್ತಿಕೊಂಡಿದ್ದು ಮಾರನೇ ದಿನ, ಅದೂ ಲೆಕ್ಕ ತಪ್ಪಬಾರದು ಅಂತ.

ಹೀತ್‌ಕ್ಲಿಫ್, ಕ್ಯಾಥರೀನ್ ಇಬ್ಬರೂ ದೊಡ್ಡವರಾದ ಮೇಲೆ ನೆಮ್ಮದಿಯಾಗಿ ಕೂತು ನಾಲ್ಕು ಮಾತಾಡಿದ್ದು ಎಲ್ಲಾದರೂ ಇದೆಯಾ? ನನಗಂತೂ ಸಿಗಲಿಲ್ಲ. ಇರುವುದು 34 ಅಧ್ಯಾಯ, ಕ್ಯಾಥರೀನ್ 16ರಲ್ಲೇ ತೀರಿಹೋಗುತ್ತಾಳೆ. ಆಮೇಲೆ ಅವಳ ಮಗಳು, ಅವನ ಮಗ, ಹಿಂಡ್ಲಿಯ ಮಗ. ಮತ್ತೆ ಅದೇ ಜಗಳ, ಅದೇ ಹಠ. ಅರ್ಧ ಪುಸ್ತಕ ಯಾಕಿದೆ ಅಂತಲೇ ತಿಳಿಯಲಿಲ್ಲ.

ದಿನಕ್ಕೆ 25 ಪುಟ ಅಂತ ಇಟ್ಟುಕೊಂಡು ಓದಿದೆ. ಕೊನೆಗೆ ಹಿಂದೆ ಬಿದ್ದು, ತಿಂಗಳು ಮುಗಿಯುವ ರಾತ್ರಿ ಒಂದೇ ಪಟ್ಟಿಗೆ 60 ಪುಟ ಮುಗಿಸಿದೆ. ನಾನು ಏನನ್ನಾದರೂ ಬಿಟ್ಟುಬಿಟ್ಟೆನಾ? ಅಥವಾ ಈ ಪುಸ್ತಕ ಎಲ್ಲರಿಗೂ ಅಲ್ಲವಾ? ಓದಿದವರು ದಯವಿಟ್ಟು ಹೇಳಿ.

ಮಳೆಹನಿ

ನಾನು 17ನೇ ಅಧ್ಯಾಯದಲ್ಲಿ ನಿಲ್ಲಿಸಿದವಳು. ನಾಲ್ಕು ವರ್ಷ ಆಯಿತು, ಬುಕ್‌ಮಾರ್ಕ್ ಇನ್ನೂ ಅಲ್ಲೇ ಇದೆ. ನನ್ನನ್ನು ಸೋಲಿಸಿದ್ದು ಹೆಸರುಗಳು. ತಾಯಿಯೂ ಕ್ಯಾಥರೀನ್, ಮಗಳೂ ಕ್ಯಾಥರೀನ್. ಲಿಂಟನ್ ಅನ್ನುವುದು ಒಂದು ಮನೆತನದ ಹೆಸರು, ಹೀತ್‌ಕ್ಲಿಫ್‌ನ ಮಗನಿಗೂ ಅದೇ ಹೆಸರು. ಯಾರು ಯಾರನ್ನು ಬೈಯುತ್ತಿದ್ದಾರೆ ಅಂತ ತಿಳಿಯಲು ಎರಡು ಪುಟ ಹಿಂದೆ ಹೋಗಬೇಕಾಗುತ್ತಿತ್ತು. ನೀವು ಮುಗಿಸಿದ್ದೀರಲ್ಲ, ಅದೇ ದೊಡ್ಡದು.

ಅಂಚಿನಟಿಪ್ಪಣಿ

ತಿಂಗಳಿಗೊಂದು ಅವರೇ, ಇದು ನನಗೆ ತುಂಬಾ ಹತ್ತಿರದ ಪುಸ್ತಕ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ನಿರಾಸೆಯಲ್ಲಿ ಅರ್ಧ ಪಾಲು ಪುಸ್ತಕದ್ದಲ್ಲ, ಪುಸ್ತಕದ ಸುತ್ತ ಬೆಳೆದ ಮಾತಿನದ್ದು. 1939ರಲ್ಲಿ ವಿಲಿಯಂ ವೈಲರ್ ಮಾಡಿದ ಸಿನಿಮಾ ಇದೆ, ಲಾರೆನ್ಸ್ ಒಲಿವಿಯರ್ ಹೀತ್‌ಕ್ಲಿಫ್ ಆಗಿದ್ದು. ಅದರಲ್ಲಿ ಮಕ್ಕಳ ತಲೆಮಾರಿನ ಕಥೆಯೇ ಇಲ್ಲ. ಕ್ಯಾಥರೀನ್ ಸಾವಿನ ಜೊತೆಗೆ ಕಥೆಯೂ ಹೆಚ್ಚೂಕಡಿಮೆ ಮುಗಿಯುತ್ತೆ. ಎಷ್ಟೋ ಜನರ ತಲೆಯಲ್ಲಿ ಉಳಿದಿರುವ ವುದರಿಂಗ್ ಹೈಟ್ಸ್ ಅದೇ. ಆ ಅರ್ಧವನ್ನು ಮನಸ್ಸಲ್ಲಿಟ್ಟುಕೊಂಡು ಪೂರ್ತಿ ಪುಸ್ತಕ ಓದಿದರೆ ಉಳಿದದ್ದು ಹೊರೆ ಅನ್ನಿಸುವುದು ಸಹಜ.

ಇನ್ನೊಂದು ಮುಖ್ಯ ವಿಷಯ. ಈ ಕಥೆಯನ್ನು ನಮಗೆ ಹೇಳುತ್ತಿರುವವರು ಯಾರು ಅಂತ ಗಮನಿಸಿದಿರಾ? ಲಾಕ್‌ವುಡ್ ಅನ್ನುವ ಬಾಡಿಗೆದಾರ ಬರೆದಿಡುತ್ತಾನೆ. ಅವನಿಗೆ ಹೇಳುವವಳು ಮನೆಕೆಲಸದ ನೆಲ್ಲಿ ಡೀನ್. ಹೀತ್‌ಕ್ಲಿಫ್ ಆಗಲಿ ಕ್ಯಾಥರೀನ್ ಆಗಲಿ ನಮ್ಮ ಜೊತೆ ನೇರವಾಗಿ ಮಾತಾಡುವುದು ತುಂಬಾ ಕಡಿಮೆ. ಎಲ್ಲವೂ ನೆಲ್ಲಿಯ ಬಾಯಿಂದ ಬಂದದ್ದು.

9ನೇ ಅಧ್ಯಾಯ ನೆನಪು ಮಾಡಿಕೊಳ್ಳಿ. ಎಡ್ಗರ್ ಲಿಂಟನ್‌ನನ್ನು ಮದುವೆಯಾಗಲು ಒಪ್ಪಿದ್ದೇನೆ ಅಂತ ಕ್ಯಾಥರೀನ್ ಅಡುಗೆಮನೆಯಲ್ಲಿ ನೆಲ್ಲಿಗೆ ಹೇಳುತ್ತಿದ್ದಾಳೆ. ಹೀತ್‌ಕ್ಲಿಫ್ ಅಲ್ಲೇ ಗೋಡೆಯ ಪಕ್ಕದ ಬೆಂಚಿನ ಮೇಲಿದ್ದಾನೆ. ಅವನನ್ನು ಮದುವೆಯಾದರೆ ತನ್ನ ಮಟ್ಟ ಇಳಿದುಹೋಗುತ್ತೆ ಅನ್ನುವವರೆಗೆ ಕೇಳಿಸಿಕೊಂಡು ಸದ್ದಿಲ್ಲದೆ ಎದ್ದುಹೋಗುತ್ತಾನೆ. ಅವಳ ದೊಡ್ಡ ಮಾತು, ಅವನೂ ತಾನೂ ಬೇರೆಯಲ್ಲ ಅನ್ನುವ ಮಾತು, ಬರುವುದು ಅದಾದ ಮೇಲೆ. ಅವನಿಗೆ ಅದು ಕೇಳಿಸುವುದೇ ಇಲ್ಲ. ಅವನು ಎದ್ದುಹೋದದ್ದನ್ನು ನೆಲ್ಲಿ ನೋಡಿದ್ದಾಳೆ. ನೋಡಿಯೂ, ಮನೆಯಾಳು ಜೋಸೆಫ್ ಬರುತ್ತಿದ್ದಾನೆ ಸುಮ್ಮನಿರು ಅಂತ ಮಾತು ತೇಲಿಸುತ್ತಾಳೆ. ಆ ಗಳಿಗೆಯಲ್ಲೇ ನಿಜ ಹೇಳಿದ್ದರೆ? ಮೂರು ವರ್ಷ ಅವನ ಸುದ್ದಿಯೇ ಇರುವುದಿಲ್ಲ ಆಮೇಲೆ.

ನಾನು ಮೊದಲ ಸಲ ಓದಿದಾಗ ನೆಲ್ಲಿಯನ್ನು ಒಳ್ಳೆ ಹೆಂಗಸು ಅಂದುಕೊಂಡು ಅವಳು ಹೇಳಿದ್ದಕ್ಕೆಲ್ಲ ತಲೆಯಾಡಿಸಿದ್ದೆ. ಎರಡನೇ ಸಲ ಓದುವಾಗ ಪೆನ್ಸಿಲ್ ಹಿಡಿದು, ಅವಳು ಮುಚ್ಚಿಟ್ಟ ಜಾಗಗಳಿಗೆಲ್ಲ ಗುರುತು ಹಾಕುತ್ತಾ ಹೋದೆ. ಪುಸ್ತಕದ ಅಂಚೆಲ್ಲ ತುಂಬಿಹೋಯಿತು. ಕ್ಯಾಥರೀನ್ ಊಟ ಬಿಟ್ಟು ಕೋಣೆಯೊಳಗೆ ಸೇರಿಕೊಂಡಾಗ ಗಂಡನಿಗೆ ಹೇಳದೇ ಇದ್ದವಳೂ ಅವಳೇ. ಕೆಟ್ಟವಳು ಅನ್ನುತ್ತಿಲ್ಲ. ಆದರೆ ಇಡೀ ಕಥೆ ಅವಳ ಕೈಯಲ್ಲಿದೆ ಅನ್ನುವುದು ಗೊತ್ತಾದರೆ ಓದುವ ರೀತಿಯೇ ಬದಲಾಗುತ್ತೆ.

ನೇರಮಾತು

ಅಂಚಿನಟಿಪ್ಪಣಿ ಅವರು ಬರೆದದ್ದು ಚೆನ್ನಾಗಿದೆ. ಆದರೆ ಒಂದು ಮಾತು ಹೇಳಲೇಬೇಕು.

ಕ್ಲಾಸಿಕ್ ಹಿಡಿಸಲಿಲ್ಲ ಅಂತ ಯಾರಾದರೂ ಹೇಳಿದ ತಕ್ಷಣ ನಾವೆಲ್ಲ ಒಂದೇ ಉತ್ತರ ಕೊಡುತ್ತೇವೆ: ನೀವು ಸರಿಯಾಗಿ ಓದಲಿಲ್ಲ. ಇದು ನ್ಯಾಯವಲ್ಲ. ಹೋದ ತಿಂಗಳು ಬಂದ ಹೊಸ ಕಾದಂಬರಿ ಹಿಡಿಸದಿದ್ದರೆ ತಪ್ಪು ಪುಸ್ತಕದ್ದು, 1847ರದ್ದು ಹಿಡಿಸದಿದ್ದರೆ ತಪ್ಪು ಓದುಗರದ್ದು. ಇದೆಲ್ಲಿಯ ಲೆಕ್ಕ?

ನಾನು ಇದನ್ನು ಎರಡು ಸಲ ನಿಧಾನವಾಗಿ ಓದಿದ್ದೇನೆ. ನೆಲ್ಲಿಯ ವಿಷಯ ಗೊತ್ತು, ಸಿನಿಮಾ ನೋಡಿಲ್ಲ. ಆದರೂ ಹೇಳುತ್ತೇನೆ, ಎರಡನೇ ಭಾಗದಲ್ಲಿ ಹೀತ್‌ಕ್ಲಿಫ್‌ನ ಮಗ ಲಿಂಟನ್ ಬಂದಲ್ಲಿಂದ ಕಥೆ ಎಳೆಯುತ್ತೆ. ಆ ಹುಡುಗ ಗೊಣಗುತ್ತಾನೆ, ಕೆಮ್ಮುತ್ತಾನೆ, ಅಳುತ್ತಾನೆ, ಮತ್ತೆ ಗೊಣಗುತ್ತಾನೆ. ಕಿರಿಯ ಕ್ಯಾಥರೀನ್ ಅವನನ್ನು ನೋಡಲು ಹೋಗುವುದು, ಬರುವುದು, ಪತ್ರ ಬರೆಯುವುದು, ಸಿಕ್ಕಿಬೀಳುವುದು ಅಂತ ಐದಾರು ಅಧ್ಯಾಯ ಹೋಗುತ್ತೆ. ಇದು ಬರವಣಿಗೆಯ ಸಮಸ್ಯೆ. ಹಾಗಂತ ಹೇಳಲು ಹೆದರಬಾರದು.

ಕ್ರೌರ್ಯದ ಬಗ್ಗೆಯೂ ಅಷ್ಟೇ. ಪುಸ್ತಕ ಬಂದ ಕಾಲದ ವಿಮರ್ಶಕರಿಗೇ ಅದು ಅರಗಿರಲಿಲ್ಲ. ಕಥೆಯಲ್ಲಿ ಶಕ್ತಿ ಇದೆ ಅಂತ ಒಪ್ಪಿಕೊಂಡವರೂ ಅದರ ಒರಟುತನ ಕಂಡು ಹಿಂಜರಿದರು. ತಿಂಗಳಿಗೊಂದು ಅವರಿಗೆ ನಾಯಿಯ ಪ್ರಸಂಗ ಓದಿ ಎದ್ದುಹೋಗಬೇಕು ಅನ್ನಿಸಿದ್ದು ಓದು ತಪ್ಪಿದ್ದರಿಂದಲ್ಲ. ಅವರು ಮನಸ್ಸಿಟ್ಟು ಓದುತ್ತಿದ್ದರು ಅಂತಲೇ ಅರ್ಥ.

ತಿಂಗಳಿಗೊಂದು

ಇಬ್ಬರಿಗೂ ಥ್ಯಾಂಕ್ಸ್. ನೇರಮಾತು ಅವರೇ, ನಿಮ್ಮ ಮಾತು ಓದಿ ನಿಜವಾಗಲೂ ಸಮಾಧಾನ ಆಯಿತು. ನಾನೇ ದಡ್ಡಿಯೇನೋ ಅಂದುಕೊಂಡಿದ್ದೆ.

ಅಂಚಿನಟಿಪ್ಪಣಿ ಅವರೇ, ನೆಲ್ಲಿ ನೋಡಿಯೂ ಸುಮ್ಮನಿದ್ದಳು ಅನ್ನುವುದು ನನಗೆ ಗೊತ್ತೇ ಆಗಿರಲಿಲ್ಲ. ಈಗ ಪುಟ ತೆಗೆದು ನೋಡಿದೆ. ನೀವು ಹೇಳಿದಂತೆಯೇ ಇದೆ. ಅವತ್ತಿನ 25 ಪುಟದ ಕೊನೆಯ ಎರಡು ಪುಟ ಅದು, ಮುಗಿಸುವ ಆತುರದಲ್ಲಿ ಕಣ್ಣು ಹಾರಿಸಿಕೊಂಡು ಹೋಗಿದ್ದೇನೆ. ಇದು ನನಗೆ ಬೇಜಾರು ತಂದಿದೆ. ಹಾಗಾದರೆ ಮೊದಲ ಆರು ಪುಸ್ತಕಗಳಲ್ಲಿ ಏನೇನು ಬಿಟ್ಟಿದ್ದೇನೋ?

ಹಳೇಕನ್ನಡಕ

ನಾನು ಈ ಪುಸ್ತಕವನ್ನು 19ನೇ ವಯಸ್ಸಿನಲ್ಲಿ ಓದಿದೆ, ಆಮೇಲೆ 46ರಲ್ಲಿ ಓದಿದೆ. ಚಿಕ್ಕವನಿದ್ದಾಗ ಹೀತ್‌ಕ್ಲಿಫ್ ನನಗೆ ನಾಯಕ. ಅವನಿಗೆ ಆದ ಅನ್ಯಾಯವೇ ಕಣ್ಣಿಗೆ ಕಟ್ಟಿತ್ತು. 46ರಲ್ಲಿ ಓದುವ ಹೊತ್ತಿಗೆ ನಾನು ಇಬ್ಬರು ಮಕ್ಕಳ ತಂದೆ. ಈ ಮನುಷ್ಯ ಹಿಂಡ್ಲಿಯ ಮಗ ಹೇರ್ಟನ್‌ಗೆ ಓದು ಬರಹ ಕಲಿಸದೆ, ಬೇಕೆಂದೇ ಕಾಡುಮೃಗದ ಹಾಗೆ ಬೆಳೆಸಿದ್ದು ಓದಿ ನಿದ್ದೆ ಬರಲಿಲ್ಲ. ತನಗೆ ಹಿಂಡ್ಲಿ ಏನು ಮಾಡಿದ್ದನೋ ಅದನ್ನೇ ಅವನ ಮಗನಿಗೆ ಮಾಡುತ್ತಾನೆ. ಎರಡನೇ ಭಾಗ ಯಾಕಿದೆ ಅಂತ ನೀವು ಕೇಳಿದಿರಲ್ಲ, ನನಗೆ ಅದು ಅರ್ಥವಾದದ್ದು ಆಗ. ದೊಡ್ಡವರ ಸಾಲ ಮಕ್ಕಳ ತಲೆಗೆ ಬೀಳುವ ಕಥೆ ಅದು.

ಒಂದು ಚಿಕ್ಕ ಜಾಗ ಹೇಳುತ್ತೇನೆ. 4ನೇ ಅಧ್ಯಾಯದಲ್ಲಿ ಹಿರಿಯ ಅರ್ನ್‌ಶಾ 60 ಮೈಲಿ ನಡೆದು ಲಿವರ್‌ಪೂಲ್‌ಗೆ ಹೋಗುತ್ತಾನೆ. ಹೋಗುವ ಮೊದಲು ಏನು ತರಲಿ ಅಂತ ಮಕ್ಕಳನ್ನು ಕೇಳುತ್ತಾನೆ. ಹಿಂಡ್ಲಿ ಪಿಟೀಲು ಕೇಳುತ್ತಾನೆ, ಆರು ವರ್ಷ ಕೂಡ ತುಂಬದ ಕ್ಯಾಥರೀನ್ ಚಾವಟಿ ಕೇಳುತ್ತಾಳೆ. ಮೂರು ದಿನ ಕಳೆದು ತಂದೆ ವಾಪಸ್ ಬಂದಾಗ ಅವನ ಕೋಟಿನೊಳಗೆ ಇರುವುದು ಒಬ್ಬ ಅನಾಥ ಹುಡುಗ, ಅವನೇ ಹೀತ್‌ಕ್ಲಿಫ್. ಪಿಟೀಲು ಕೋಟಿನಲ್ಲೇ ಒಡೆದು ಚೂರಾಗಿದೆ. ಚಾವಟಿ ದಾರಿಯಲ್ಲಿ ಎಲ್ಲೋ ಕಳೆದುಹೋಗಿದೆ. ಹಿಂಡ್ಲಿ ಜೋರಾಗಿ ಅಳುತ್ತಾನೆ. ಕ್ಯಾಥರೀನ್ ಆ ಹುಡುಗನ ಮೇಲೆ ಉಗುಳುತ್ತಾಳೆ. ಆ ಹುಡುಗನಿಗೆ ಇಟ್ಟ ಹೆಸರೂ ಆ ಮನೆಯಲ್ಲಿ ಮೊದಲೇ ಸತ್ತುಹೋದ ಮಗುವಿನದ್ದು. ಮುಂದೆ ಆಗುವುದೆಲ್ಲ ಈ ಒಂದು ಪುಟದಲ್ಲಿದೆ. 25 ಪುಟದ ಓಟದಲ್ಲಿ ಇಂಥದ್ದು ಕೈಗೆ ಸಿಗುವುದು ಕಷ್ಟ.

ಜೋಸೆಫ್‌ನ ಯಾರ್ಕ್‌ಷೈರ್ ಮಾತು ಓದಲಾಗದೆ ನಾನು ಎಷ್ಟೋ ಸಾಲು ಬಿಟ್ಟಿದ್ದೇನೆ. ಅದಕ್ಕೆ ಯಾರೂ ನಾಚಿಕೆಪಡಬೇಕಿಲ್ಲ. ಎಮಿಲಿಯ ಅಕ್ಕ ಷಾರ್ಲೆಟ್ 1850ರಲ್ಲಿ ಹೊಸ ಆವೃತ್ತಿ ತಂದಾಗ, ಬೇರೆ ಕಡೆಯವರಿಗೆ ತಿಳಿಯುವುದಿಲ್ಲ ಅಂತ ಆ ಮಾತುಗಳನ್ನು ಸ್ವಲ್ಪ ಸುಲಭ ಮಾಡಿದ್ದರು. ಇಂಗ್ಲೆಂಡಿನವರಿಗೇ ಕಷ್ಟ ಇತ್ತು ಅಂದಮೇಲೆ ನಮ್ಮದೇನು!

ಬೆಳ್ಳಿಚುಕ್ಕಿ

ನನ್ನದು ಬೇರೆ ಅಭಿಪ್ರಾಯ. ಹಿಡಿಸದಿದ್ದರೆ ಬಿಟ್ಟುಬಿಡಿ. ನ್ಯಾನ್ಸಿ ಪರ್ಲ್ ಅಂತ ಅಮೆರಿಕದ ಗ್ರಂಥಪಾಲಕಿ ಒಬ್ಬರು ಇದಕ್ಕೊಂದು ಲೆಕ್ಕ ಹೇಳಿದ್ದಾರೆ. 50 ಪುಟ ಓದಿ, ಹಿಡಿಸದಿದ್ದರೆ ಮುಚ್ಚಿಡಿ. ನಿಮಗೆ 50 ದಾಟಿದ್ದರೆ 100ರಿಂದ ನಿಮ್ಮ ವಯಸ್ಸು ಕಳೆಯಿರಿ, ಉಳಿದಷ್ಟು ಪುಟ ಓದಿದರೆ ಸಾಕು. ವಯಸ್ಸಾದಷ್ಟೂ ಓದಲು ಉಳಿದಿರುವ ಸಮಯ ಕಡಿಮೆ ಅಲ್ವಾ, ಅದಕ್ಕೆ. ನಾನು ಇದನ್ನು ಪಾಲಿಸಲು ಶುರು ಮಾಡಿದ ಮೇಲೆ ಓದುವುದು ಮತ್ತೆ ಖುಷಿ ಕೊಡುತ್ತಿದೆ.

ಹಳೇಕನ್ನಡಕ

ಬೆಳ್ಳಿಚುಕ್ಕಿ ಅವರೇ, ನಾನೂ ಹೊಸ ಪುಸ್ತಕಗಳಿಗೆ ಹಾಗೇ ಮಾಡುತ್ತೇನೆ. ಆದರೆ ಈ ಪುಸ್ತಕದ ಮೊದಲ 50 ಪುಟದಲ್ಲಿ ಕಥೆ ಸರಿಯಾಗಿ ಶುರುವೇ ಆಗಿರುವುದಿಲ್ಲ. ಲಾಕ್‌ವುಡ್ ನೋಡುವುದು ಕೊನೆಯ ದೃಶ್ಯಗಳನ್ನು. 1801ರಲ್ಲಿ ಶುರುವಾಗಿ, ಅಲ್ಲಿಂದ ಮೂವತ್ತು ವರ್ಷ ಹಿಂದಕ್ಕೆ ಹೋಗುತ್ತೆ. ಆ ಸಿಡುಕಿನ ಜನ ಯಾರು, ಯಾಕೆ ಹಾಗಾದರು ಅಂತ ಗೊತ್ತಾಗಲು ಕಾಯಬೇಕು.

ಮಳೆಹನಿ

ಕಾಲದ ಲೆಕ್ಕವೂ ನನ್ನನ್ನು ಸುಸ್ತು ಮಾಡಿತ್ತು. ಯಾರು ಯಾವಾಗ ಹುಟ್ಟಿದ್ದು, ಯಾವಾಗ ಸತ್ತದ್ದು ಅಂತ ಲೇಖಕಿಗೇ ಗೊತ್ತಿತ್ತೋ ಇಲ್ಲವೋ ಅನ್ನಿಸಿತ್ತು.

ಅಂಚಿನಟಿಪ್ಪಣಿ

ಗೊತ್ತಿತ್ತು ಮಳೆಹನಿ ಅವರೇ, ತುಂಬಾ ಚೆನ್ನಾಗಿ ಗೊತ್ತಿತ್ತು. ಸಿ. ಪಿ. ಸ್ಯಾಂಗರ್ ಅನ್ನುವ ವಕೀಲರು 1926ರಲ್ಲಿ ಇದರ ಮೇಲೆ ಒಂದು ಪ್ರಬಂಧ ಪ್ರಕಟಿಸಿದರು. ಕಾದಂಬರಿಯಲ್ಲಿ ಇಸವಿ ಹೇಳುವುದೇ ಅಪರೂಪ. ಅಲ್ಲಲ್ಲಿ ಬರುವ ವಯಸ್ಸು, ತಿಂಗಳು, ಋತುಗಳನ್ನು ಜೋಡಿಸಿ ಅವರು ಇಡೀ ಕಥೆಯ ದಿನಾಂಕಗಳನ್ನು ಹಾಕಿ ತೋರಿಸಿದರು. ಅರ್ನ್‌ಶಾ, ಲಿಂಟನ್ ಎರಡು ಮನೆತನಗಳ ವಂಶವೃಕ್ಷ ಕನ್ನಡಿ ಹಿಡಿದ ಹಾಗೆ ಸಮನಾಗಿದೆ. ಆ ಮನೆಯಲ್ಲಿ ಒಬ್ಬ ಗಂಡು ಒಬ್ಬ ಹೆಣ್ಣು, ಈ ಮನೆಯಲ್ಲೂ ಅಷ್ಟೇ. ಹೀತ್‌ಕ್ಲಿಫ್ ಆಸ್ತಿಯನ್ನೆಲ್ಲ ಹೇಗೆ ಕೈವಶ ಮಾಡಿಕೊಂಡ ಅನ್ನುವುದು ಆ ಕಾಲದ ಕಾನೂನಿಗೆ ಎಷ್ಟು ಹೊಂದುತ್ತೆ ಅಂತಲೂ ಅವರು ಬಿಡಿಸಿ ಹೇಳಿದ್ದಾರೆ. ನೀವು ಒಂದು ಹಾಳೆಯಲ್ಲಿ ಆ ವಂಶವೃಕ್ಷ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ. ಹೆಸರಿನ ಗೊಂದಲ ಅರ್ಧಕ್ಕರ್ಧ ಹೋಗುತ್ತೆ.

ಇನ್ನೊಂದು ವಿಷಯ ಹೇಳಬೇಕು ಅಂತ ಎರಡು ದಿನದಿಂದ ಅಂದುಕೊಳ್ಳುತ್ತಿದ್ದೇನೆ. ನಾವೆಲ್ಲ ಇಲ್ಲಿ ಪುಸ್ತಕದ ಮೇಲಿನ ಆಸೆಯಿಂದ ಸೇರಿದವರು, ಹಾಗಾಗಿ ನಿಮಗೂ ಹಿಡಿಸಬಹುದು. ಈ ಕಾದಂಬರಿಯೊಳಗೆ ಪುಸ್ತಕಗಳಿಗೆ ಏನೇನಾಗುತ್ತೆ ಅಂತ ನೋಡಿ.

3ನೇ ಅಧ್ಯಾಯದಲ್ಲಿ ಲಾಕ್‌ವುಡ್‌ಗೆ ಸಿಗುವುದು ಕ್ಯಾಥರೀನ್‌ಳ ಹಳೆಯ ಪುಸ್ತಕಗಳು. ಅವುಗಳ ಅಂಚಿನ ಖಾಲಿ ಜಾಗದಲ್ಲೆಲ್ಲ ಅವಳು ದಿನಚರಿ ಬರೆದಿದ್ದಾಳೆ. ಅದೇ ರಾತ್ರಿ ಕನಸಿನಲ್ಲಿ ಕಿಟಕಿಯಾಚೆಯಿಂದ ಒಂದು ತಣ್ಣನೆಯ ಪುಟ್ಟ ಕೈ ಅವನ ಕೈ ಹಿಡಿಯುತ್ತೆ, ಒಳಗೆ ಬಿಡು ಅಂತ ಬೇಡುತ್ತೆ. ಅವನು ಕೈ ಬಿಡಿಸಿಕೊಂಡು ಒಡೆದ ಗಾಜಿಗೆ ಅಡ್ಡವಾಗಿ ಅದೇ ಪುಸ್ತಕಗಳನ್ನು ಪೇರಿಸುತ್ತಾನೆ. ಅವಳ ಪುಸ್ತಕಗಳಿಂದಲೇ ಅವಳನ್ನು ಹೊರಗಿಡುತ್ತಾನೆ! ಆಮೇಲೆ ಹೆಂಡತಿ ಸಾಯುವ ಸ್ಥಿತಿಯಲ್ಲಿದ್ದಾಗ ಎಡ್ಗರ್ ಪುಸ್ತಕಗಳ ನಡುವೆ ಕೂತಿರುತ್ತಾನೆ. ಹೀತ್‌ಕ್ಲಿಫ್ ತನ್ನ ಸೊಸೆಯಾದ ಕಿರಿಯ ಕ್ಯಾಥರೀನ್‌ಳ ಪುಸ್ತಕಗಳನ್ನು ನಾಶ ಮಾಡುತ್ತಾನೆ. ಹೇರ್ಟನ್ ಕದ್ದುಮುಚ್ಚಿ ಓದಲು ಕಲಿಯುತ್ತಿದ್ದಾಗ ಕಿರಿಯ ಕ್ಯಾಥರೀನ್ ನಗುತ್ತಾಳೆ, ಅವಮಾನ ತಾಳಲಾರದೆ ಅವನು ತನ್ನ ಪುಸ್ತಕಗಳನ್ನೇ ಬೆಂಕಿಗೆ ಹಾಕುತ್ತಾನೆ.

ಈಗ 32ನೇ ಅಧ್ಯಾಯ ಓದಿ. ಅಷ್ಟೇ ಹೇಳುತ್ತೇನೆ.

ತಿಂಗಳಿಗೊಂದು

32 ನಾನು ಆ 60 ಪುಟದ ರಾತ್ರಿ ಓದಿದ ಅಧ್ಯಾಯ. ಅದರಲ್ಲಿ ಏನಿದೆ ಅಂತ ಯೋಚಿಸಿದರೆ ಏನೂ ನೆನಪಿಗೆ ಬರುತ್ತಿಲ್ಲ. ಮತ್ತೆ ಓದಿ ಬಂದು ಬರೆಯುತ್ತೇನೆ.

ತಿಂಗಳಿಗೊಂದು

ಎರಡು ವಾರ ಆಯಿತು, ತಡವಾದ್ದಕ್ಕೆ ಕ್ಷಮಿಸಿ. ಇಡೀ ಪುಸ್ತಕ ಮತ್ತೆ ಓದಲಿಲ್ಲ. 3, 4, 9, 24, 31, 32, ಇಷ್ಟು ಓದಿದೆ. ಪುಟ ಎಣಿಸಲಿಲ್ಲ. ಕೆಲವು ದಿನ ನಾಲ್ಕೇ ಪುಟ ಆಯಿತು.

24ನೇ ಅಧ್ಯಾಯ ನೀವ್ಯಾರೂ ಹೇಳಿರಲಿಲ್ಲ, ನಾನೇ ಹುಡುಕಿಕೊಂಡೆ. ವುದರಿಂಗ್ ಹೈಟ್ಸ್ ಅನ್ನುವ ಆ ಮನೆಯ ಬಾಗಿಲ ಮೇಲೆ 1500 ಅಂತ ಇಸವಿಯೂ ಹೇರ್ಟನ್ ಅರ್ನ್‌ಶಾ ಅನ್ನುವ ಹೆಸರೂ ಕೆತ್ತಿದೆ. ಹಳೇ ಕಾಲದ ಯಾರೋ ಹಿರಿಯರದ್ದು, ಈಗಿನ ಹೇರ್ಟನ್‌ನದ್ದೂ ಅದೇ ಹೆಸರು. ತನ್ನದೇ ಹೆಸರು ತನ್ನದೇ ಬಾಗಿಲ ಮೇಲಿದ್ದರೂ ಇಷ್ಟು ವರ್ಷ ಅವನಿಗೆ ಓದಲು ಬರುತ್ತಿರಲಿಲ್ಲ. ಈಗ ಕಷ್ಟಪಟ್ಟು ಕಲಿತಿದ್ದಾನೆ. ಕಿರಿಯ ಕ್ಯಾಥರೀನ್ ಮುಂದೆ ಅಕ್ಷರ ಅಕ್ಷರ ಜೋಡಿಸಿ ಓದಿ ತೋರಿಸುತ್ತಾನೆ. ಅವಳು ಪಕ್ಕದ ಅಂಕಿಗಳೇನು ಅಂತ ಕೇಳುತ್ತಾಳೆ. ಅದಿನ್ನೂ ಬರುವುದಿಲ್ಲ ಅನ್ನುತ್ತಾನೆ. ಅವಳು ನಕ್ಕುಬಿಡುತ್ತಾಳೆ. ಮೊದಲ ಸಲ ಓದುವಾಗ ನನಗೆ ಅವನ ಮೇಲೆ ಯಾವ ಭಾವನೆಯೂ ಬಂದಿರಲಿಲ್ಲ. ಈ ಸಲ ಆ ಹುಡುಗನ ಮುಖ ಕಂಡ ಹಾಗಾಯಿತು.

ಇನ್ನು 32. ಅವಳು ಒಂದು ಚೆಂದದ ಪುಸ್ತಕವನ್ನು ಬಿಳಿ ಕಾಗದದಲ್ಲಿ ಸುತ್ತಿ, ರಿಬ್ಬನ್ ಕಟ್ಟಿ, ಮೇಲೆ ಅವನ ಹೆಸರು ಬರೆದು ನೆಲ್ಲಿಯ ಕೈಯಲ್ಲಿ ಕೊಟ್ಟು ಕಳಿಸುತ್ತಾಳೆ. ತಗೊಂಡರೆ ನಾನೇ ಬಂದು ಸರಿಯಾಗಿ ಓದುವುದು ಕಲಿಸುತ್ತೇನೆ, ಬೇಡ ಅಂದರೆ ಇನ್ನು ಯಾವತ್ತೂ ಕಾಡುವುದಿಲ್ಲ ಅಂತ ಹೇಳಿ ಕಳಿಸುತ್ತಾಳೆ. ಅವನು ಬೆರಳು ಬಿಚ್ಚುವುದಿಲ್ಲ. ನೆಲ್ಲಿ ಅದನ್ನು ಅವನ ಮೊಣಕಾಲಿನ ಮೇಲೆ ಇಟ್ಟು ಬರುತ್ತಾಳೆ. ಅವನು ಅದನ್ನು ತಳ್ಳುವುದೂ ಇಲ್ಲ.

ಇಲ್ಲಿ ನಾನು ತುಂಬಾ ಹೊತ್ತು ಮುಂದಕ್ಕೆ ಹೋಗಲಿಲ್ಲ. ಅಷ್ಟು ಪುಟಗಳ ಹೊಡೆದಾಟ, ಬೈಗುಳ, ಸಾವು ಎಲ್ಲ ದಾಟಿ ಬಂದದ್ದಕ್ಕೇ ಮೊಣಕಾಲಿನ ಮೇಲಿನ ಆ ಒಂದು ಪೊಟ್ಟಣಕ್ಕೆ ಅಷ್ಟು ತೂಕ. ಇದನ್ನು ನಾನು ಮೊದಲ ಸಲ ಎರಡು ನಿಮಿಷದಲ್ಲಿ ದಾಟಿಹೋಗಿದ್ದೆ.

ಆದರೂ ನಿಜ ಹೇಳುತ್ತೇನೆ. ಇದು ನನ್ನ ಮೆಚ್ಚಿನ ಪುಸ್ತಕ ಆಗಲಿಲ್ಲ. ಹೀತ್‌ಕ್ಲಿಫ್‌ನನ್ನು ನನಗೆ ಕ್ಷಮಿಸಲು ಆಗುತ್ತಿಲ್ಲ. ಲಿಂಟನ್‌ನ ಗೊಣಗಾಟದ ಬಗ್ಗೆ ನೇರಮಾತು ಅವರು ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ ಇದೆ. ನನ್ನ ಓದಿನ ನೋಟ್‌ಬುಕ್ಕಿನಲ್ಲಿ ಜುಲೈ ಎದುರು "ನಿರಾಸೆ" ಅಂತ ಬರೆದಿದ್ದೆ, ಅದನ್ನು ಹೊಡೆದುಹಾಕಿಲ್ಲ. ಅದರ ಪಕ್ಕದಲ್ಲಿ 24, 32 ಅಂತ ಸೇರಿಸಿದ್ದೇನೆ.

ಪಂಥ ಬಿಡುವುದಿಲ್ಲ. ದಿನಕ್ಕಿಷ್ಟು ಪುಟ ಅನ್ನುವುದನ್ನು ಮಾತ್ರ ಬಿಟ್ಟಿದ್ದೇನೆ. 12 ಆಗದೇ 9 ಆದರೆ 9.

ನೇರಮಾತು

"ನಿರಾಸೆ" ಹೊಡೆದುಹಾಕದೇ ಇದ್ದದ್ದು ನನಗೆ ತುಂಬಾ ಇಷ್ಟವಾಯಿತು. 24ನೇ ಅಧ್ಯಾಯದ ಬಾಗಿಲ ಪ್ರಸಂಗ ನನಗೂ ಮರೆತುಹೋಗಿತ್ತು, ಇವತ್ತು ತೆಗೆದು ಓದುತ್ತೇನೆ.

ಹಳೇಕನ್ನಡಕ

ಎಮಿಲಿ ಬರೆದದ್ದು ಇದೊಂದೇ ಕಾದಂಬರಿ. 1847ರ ಡಿಸೆಂಬರ್‌ನಲ್ಲಿ ಎಲ್ಲಿಸ್ ಬೆಲ್ ಅನ್ನುವ ಹೆಸರಲ್ಲಿ ಬಂತು, ಮುಂದಿನ ಡಿಸೆಂಬರ್‌ಗೆ ಅವರು ತೀರಿಕೊಂಡರು, ಆಗಿನ್ನೂ 30 ವರ್ಷ. ಅವರ ಬರೆಯುವ ಪೆಟ್ಟಿಗೆಯಲ್ಲಿ ಈ ಪುಸ್ತಕದ ಐದು ವಿಮರ್ಶೆಗಳ ಕತ್ತರಿಸಿದ ಹಾಳೆಗಳು ಸಿಕ್ಕವು. ಓದಿದವರು ಏನು ಹೇಳಿದರು ಅಂತ ಜೋಪಾನವಾಗಿ ಎತ್ತಿಟ್ಟುಕೊಂಡಿದ್ದರು. ತಿಂಗಳಿಗೊಂದು ಅವರ ಬರಹ ಓದಿದಾಗ ನನಗೆ ಆ ಪೆಟ್ಟಿಗೆ ನೆನಪಾಯಿತು.

ಮಳೆಹನಿ

ನಾಲ್ಕು ವರ್ಷದ ಬುಕ್‌ಮಾರ್ಕ್ ತೆಗೆದೆ. ಹಾಳೆಯಲ್ಲಿ ವಂಶವೃಕ್ಷ ಬರೆದಿದ್ದೇನೆ, ಇಬ್ಬರು ಕ್ಯಾಥರೀನ್‌ಗೂ ಬೇರೆ ಬೇರೆ ಬಣ್ಣ ಹಾಕಿದ್ದೇನೆ. 17ರಿಂದ ಮುಂದುವರಿಸಲಾ, ಮೊದಲಿನಿಂದ ಶುರು ಮಾಡಲಾ?

ಅಂಚಿನಟಿಪ್ಪಣಿ

3ರಿಂದ ಮಾಡಿ. ಕಿಟಕಿಯ ಹತ್ತಿರ ಲಾಕ್‌ವುಡ್ ಪುಸ್ತಕ ಪೇರಿಸುವ ಜಾಗದಿಂದ.